ಕುಕ್ಕರ್ ಶಾಂತಮೂರ್ತಿಯಾದ ಪ್ರಸಂಗ

ನಮ್ಮ ಎದುರು ಮನೆಯವರಿಗೆ ಬೀದಿಯವರು ಇಟ್ಟಿರುವ ಹೆಸರು ಕುಕ್ಕರ್. ಇಟ್ಟಿದ್ದಾರೆಯೇ ಹೊರತು ಎದುರಿಗೆ ಕರೆಯುವ ಎದೆಗಾರಿಕೆ ಇನ್ನೂ ಯಾರಿಗೂ ಬಂದಿಲ್ಲ. ಕೋಪ ಬಂದರೆ ಮೊದಲು ಅವರ ಕಿವಿ ಕೆಂಪಾಗುತ್ತದೆ, ಆಮೇಲೆ ಮೂಗಿನಿಂದ ಬುಸ್ ಎನ್ನುವ ಸದ್ದು ಬರುತ್ತದೆ, ಆಮೇಲೆ ಸೀಟಿ. ಸೀಟಿ ಹೊಡೆದ ಮೇಲೆ ಒಳಗೆ ಏನೂ ಉಳಿಯುವುದಿಲ್ಲ. ಐದು ನಿಮಿಷದಲ್ಲಿ ನಿಮ್ಮ ಹೆಗಲ ಮೇಲೆ ಕೈ ಹಾಕಿ ಕಾಫಿಗೆ ಕರೆಯುತ್ತಾರೆ.

ಕೋಪಕ್ಕೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. ಬಸ್ ಡಿಪೋದಲ್ಲಿ ಕಳೆದುಹೋದ ಸಾಮಾನುಗಳ ಕೌಂಟರಿನಲ್ಲಿ ಕೂರುವ ಮನುಷ್ಯ ಅವರು. "ನನ್ನ ಛತ್ರಿ ಸಿಕ್ಕಿದೆಯಾ?" ಎಂದು ಜನ ಬರುತ್ತಾರೆ. "ಹೇಗಿತ್ತು?" ಎಂದು ಕೇಳಿದರೆ "ಕಪ್ಪಗಿತ್ತು" ಎನ್ನುತ್ತಾರೆ. ಆ ಕೋಣೆಯ ಒಂದು ಗೋಡೆ ತುಂಬ ಛತ್ರಿ, ಎಲ್ಲವೂ ಕಪ್ಪು. ಅಲ್ಲಿ ನನ್ನನ್ನು ಕೂರಿಸಿದ್ದರೆ ಎರಡನೆಯ ದಿನವೇ ಛತ್ರಿ ಹಿಡಿದು ಜನರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದೆ. ನಾನು ಗಡಿಯಾರ ರಿಪೇರಿ ಮಾಡುವವನು, ನನ್ನ ಗಿರಾಕಿಗಳು ಎಷ್ಟೋ ವಾಸಿ.

ಇಂಥ ಕುಕ್ಕರ್ ವಿಜ್ಞಾನದ ಕೈಗೆ ಸಿಕ್ಕಿದ್ದು ಹೆಂಡತಿಯ ಅಕ್ಕನ ಮಗಳಿಂದ. ಆ ಹುಡುಗಿ ಊರಾಚೆಯ ಸಂಶೋಧನಾ ಸಂಸ್ಥೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಅಲ್ಲಿ ನಾಲ್ಕು ವಿಭಾಗಗಳು ಸೇರಿ ಒಂದೇ ಯೋಜನೆಗೆ ಕೈಹಾಕಿದ್ದವು. ಕಂಪ್ಯೂಟರಿನವರು ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಡಬ್ಬಿ ಮಾಡಿದರು. ಅದು ಎದೆಬಡಿತ, ಬೆವರು, ಅಲುಗಾಟ ಎಲ್ಲವನ್ನೂ ಅಳೆದು ಗಾಳಿಯಲ್ಲೇ ಸಂಸ್ಥೆಗೆ ಕಳಿಸುತ್ತದೆ. ಗಣಿತದವರು ಅದನ್ನೆಲ್ಲ ಕಲಸಿ ನೂರಕ್ಕೆ ಇಷ್ಟು ಎಂದು 'ನೆಮ್ಮದಿಯ ಅಂಕ' ಕೊಡುವ ಸೂತ್ರ ಬರೆದರು. ಮಾನಸಿಕ ಆರೋಗ್ಯದವರು ಡಬ್ಬಿಯನ್ನು ಮನುಷ್ಯರ ಕೈಗೆ ಕಟ್ಟಿದರು. ನೆಮ್ಮದಿಯ ಹಸು ಹೆಚ್ಚು ಹಾಲು ಕೊಡುತ್ತದೆಯೇ ಎಂದು ನೋಡಲು ಕೃಷಿಯವರು ಅದೇ ಡಬ್ಬಿಯನ್ನು ಹಸುಗಳ ಕೊರಳಿಗೆ ಕಟ್ಟಿದರು. ಎರಡಕ್ಕೂ ಒಂದೇ ಸೂತ್ರ ಸಾಕೇ ಎಂದು ಯಾರೋ ಕೇಳಿದ್ದಕ್ಕೆ ಗಣಿತದ ಪ್ರೊಫೆಸರು, "ಕಾಲು ಎರಡಿದ್ರೇನು, ನಾಲ್ಕಿದ್ರೇನು, ಗಣಿತಕ್ಕೇನ್ರೀ?" ಎಂದರಂತೆ.

ಹುಡುಗಿ ಮನೆಗೆ ಬಂದು, "ಚಿಕ್ಕಪ್ಪ, ಬೇಗ ಕೋಪ ಬರೋರು ಕೆಲವರು ಬೇಕಾಗಿದ್ದಾರೆ" ಎಂದಳು. ಕುಕ್ಕರ್ ಸಾಯಂಕಾಲ ಬೀದಿಗೆ ಬಂದು ಹೇಳಿದ್ದು ಬೇರೆ. "ಸಂಶೋಧನೆಗೆ ನನ್ನನ್ನ ಆರಿಸಿದ್ದಾರೆ. ಊರಲ್ಲಿ ಇಷ್ಟು ಜನ ಇದ್ರೂ ನನ್ನನ್ನೇ ಯಾಕೆ ಆರಿಸಿದ್ರು ಅಂತ ನನಗೇ ಗೊತ್ತಾಗ್ತಿಲ್ಲ." ನಮಗೆಲ್ಲ ಗೊತ್ತಾಗಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಹಾಲಿನವನ ಕೊಟ್ಟಿಗೆ ಇದೆ. ಅವನಿಗಿರುವುದು ಒಂದೇ ಹಸು, ಕೆಂಪಿ. ಕೃಷಿಯವರು ಕೆಂಪಿಯನ್ನೂ ಆರಿಸಿದ್ದರು. ಕೊಟ್ಟಿಗೆಯಲ್ಲಿ ಕರೆಂಟ್ ಇಲ್ಲ, ಹೀಗಾಗಿ ಪ್ರತಿ ಭಾನುವಾರ ಸಂಜೆ ಒಂದು ಗಂಟೆ ಹೊತ್ತು ಕೆಂಪಿಯ ಡಬ್ಬಿಯೂ ಕುಕ್ಕರ್ ಮನೆಯಲ್ಲೇ ಚಾರ್ಜ್ ಆಗಬೇಕೆಂದು ಏರ್ಪಾಟಾಯಿತು. ಎರಡು ಡಬ್ಬಿಗಳಿಗೂ ಇದ್ದ ವ್ಯತ್ಯಾಸ ಒಂದೇ ಒಂದು ಚುಕ್ಕಿ. ಮನುಷ್ಯರದಕ್ಕೆ ಹಸಿರು, ಹಸುವಿನದಕ್ಕೆ ನೀಲಿ. ಹುಡುಗಿ ಇದನ್ನು ಬಿಡಿಸಿ ಬಿಡಿಸಿ ಹೇಳಿದ್ದಳು. ಆದರೆ ಅವಳು ಹೇಳುತ್ತಿದ್ದಾಗ ಚಿಕ್ಕಪ್ಪ, ಇಂದಿನ ಮಕ್ಕಳಿಗೆ ವಿಜ್ಞಾನವನ್ನು ಹೇಗೆ ಕಲಿಸಬೇಕು ಎಂದು ಅವಳಿಗೇ ಉಪದೇಶ ಮಾಡುತ್ತಿದ್ದರು.

ಮೊದಲ ಭಾನುವಾರ ಸಂಜೆ ಹಾಲಿನವನು ಡಬ್ಬಿ ತೆಗೆದುಕೊಳ್ಳಲು ಕೈ ಚಾಚಿದ. ಕುಕ್ಕರ್ ಅವನ ಕೈ ತಡೆದರು.

"ಮುಟ್ಟಬೇಡಪ್ಪಾ! ಇದು ವಿಜ್ಞಾನ. ನಾನು ಕೊಡ್ತೀನಿ ಇರು."

ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ನೋಡಿದರು. ಡಿಪೋದ ಸಮವಸ್ತ್ರದ ಅಂಗಿ ನೀಲಿ. ನೀಲಿಗೆ ನೀಲಿ ಚೆನ್ನಾಗಿ ಒಪ್ಪುತ್ತದೆ. ನೀಲಿ ಚುಕ್ಕಿಯದನ್ನು ತಮ್ಮ ಕೈಗೆ ಕಟ್ಟಿಕೊಂಡು ಹಸಿರಿನದನ್ನು ಹಾಲಿನವನಿಗೆ ಕೊಟ್ಟು, "ಹಸುಗೆ ಹಸಿರೇ ಸರಿ, ಹುಲ್ಲಿನ ಬಣ್ಣ" ಎಂದು ವಿವರಣೆಯನ್ನೂ ಕೊಟ್ಟರು. ಹಾಲಿನವನು ತಲೆಯಾಡಿಸಿ ಹೋದ. ಹೀಗೆ ಕೆಂಪಿಯ ಎದೆಬಡಿತ ಕುಕ್ಕರ್ ಹೆಸರಿಗೂ, ಕುಕ್ಕರ್ ಎದೆಬಡಿತ ಕೆಂಪಿಯ ಹೆಸರಿಗೂ ಜಮೆಯಾಗತೊಡಗಿದವು. ಇದು ನಮಗೆ ಯಾರಿಗೂ ಆಗ ಗೊತ್ತಿರಲಿಲ್ಲ. ನಿಮಗೆ ಈಗಲೇ ಹೇಳಿಬಿಟ್ಟಿದ್ದೇನೆ, ಯಾಕೆಂದರೆ ಮುಂದೆ ದೊಡ್ಡ ದೊಡ್ಡ ವಿದ್ವಾಂಸರು ತಲೆ ಕೆಡಿಸಿಕೊಳ್ಳುವಾಗ ನೀವಾದರೂ ಆರಾಮಾಗಿರಬೇಕು.

ಮೊದಲ ವರದಿ ಬಂದ ದಿನ ಹುಡುಗಿ ಫೋನ್ ಮಾಡಿದಳು. ಕುಕ್ಕರ್ ಸ್ಪೀಕರ್ ಹಾಕಿ, ಬೀದಿಯ ಕಡೆಯ ಕಿಟಕಿಯನ್ನೂ ತೆರೆದರು.

"ಚಿಕ್ಕಪ್ಪ, ನಿಮ್ಮ ಅಂಕ ತೊಂಬತ್ತಾರು! ಇಷ್ಟು ನೆಮ್ಮದಿಯ ಮನುಷ್ಯನನ್ನ ನಮ್ಮ ಮೇಡಂ ಇದುವರೆಗೂ ನೋಡೇ ಇಲ್ವಂತೆ."

"ಹೂಂ" ಎಂದರು ಕುಕ್ಕರ್, ಬೀದಿಯ ಕಡೆ ನೋಡುತ್ತ.

"ದಿನಾ ಗಂಟೆಗಟ್ಟಲೆ ಒಂದೇ ಲಯದಲ್ಲಿ ಸಣ್ಣಗೆ ಅಲುಗಾಡ್ತಾ ಇರ್ತೀರಿ. ಅದು ಆಳವಾದ ಧ್ಯಾನ ಅಂತಿದ್ದಾರೆ ಮೇಡಂ. ನೀವು ಧ್ಯಾನ ಮಾಡ್ತೀರಾ?"

"ಮಾಡ್ತೀನಿ ಅಂತ ಹೇಳ್ಕೊಂಡು ತಿರುಗಾಡಬಾರದು ಕಣಮ್ಮಾ."

"ಮತ್ತೆ… ರಾತ್ರಿ ಎಷ್ಟೋ ಹೊತ್ತು ನಿಂತ್ಕೊಂಡೇ ನಿದ್ದೆ ಮಾಡಿದ ಹಾಗಿದೆ?"

ಕುಕ್ಕರ್ ಕಿಟಕಿಯ ಕಡೆಗೆ ಇನ್ನಷ್ಟು ಸರಿದರು. ಆಮೇಲೆ, "ಅಭ್ಯಾಸ" ಎಂದರು.

ಒಳಗಿನಿಂದ ಅವರ ಹೆಂಡತಿ, "ಇವರಾ? ನಿಂತ್ಕೊಂಡಾ? ಹಾಸಿಗೆ ಪೂರ್ತಿ ಇವರದೇ ಕಣೇ!" ಎಂದದ್ದು ನಮಗೆ ಕೇಳಿಸಿತು. ಆದರೆ ವಿಜ್ಞಾನ ಒಂದು ಮಾತು ಹೇಳಿದ ಮೇಲೆ ಹೆಂಡತಿಯ ಮಾತು ಯಾರು ನಂಬುತ್ತಾರೆ?

ಮರುದಿನದಿಂದ ಕುಕ್ಕರ್ ಮನೆ ಮುಂದೆ ಚಪ್ಪಲಿಗಳ ರಾಶಿ. ಮಹಡಿ ಮನೆಯ ಅತ್ತೆ ಸೊಸೆ ತಮ್ಮ ಜಗಳವನ್ನು ಇಬ್ಬರೂ ಹೊತ್ತುಕೊಂಡು ಬಂದರು. ಕುಕ್ಕರ್ ಕಣ್ಣು ಅರ್ಧ ಮುಚ್ಚಿಕೊಂಡು, "ಎಲ್ಲಾ ನಮ್ಮ ಮನಸ್ಸಲ್ಲೇ ಇದೆ" ಎಂದರು. ಇಬ್ಬರೂ ಸಮಾಧಾನದಿಂದ ಹೋಗಿ ಮೆಟ್ಟಿಲ ಮೇಲೆ ಜಗಳ ಮುಂದುವರಿಸಿದರು. ಸುದ್ದಿ ಡಿಪೋ ಮ್ಯಾನೇಜರ ಕಿವಿಗೂ ಬಿತ್ತು. "ಇಂಥ ಶಾಂತಮೂರ್ತಿಯನ್ನ ಛತ್ರಿ ಮಧ್ಯೆ ಇಟ್ಟಿದ್ದೀವಲ್ಲ!" ಎಂದು ಅವರು ಕುಕ್ಕರನ್ನು ಎತ್ತಿ ದೂರುಗಳ ಕೌಂಟರಿಗೆ ಹಾಕಿದರು. ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಜನ ಮುಖಕ್ಕೇ ಬೈಯುತ್ತಾರೆ. ಬಸ್ಸು ಬರಲಿಲ್ಲ, ಬಂದರೂ ನಿಲ್ಲಲಿಲ್ಲ, ನಿಂತರೂ ಕಂಡಕ್ಟರ್ ಚಿಲ್ಲರೆ ಕೊಡಲಿಲ್ಲ ಎಂದು. ಶಾಂತಮೂರ್ತಿ ಎಲ್ಲಕ್ಕೂ ನಗಬೇಕು.

ಮನೆಯಲ್ಲೂ ಅದೇ ಕಥೆ. ಹೆಂಡತಿಯ ತಮ್ಮ ಪ್ರತಿ ಭಾನುವಾರ ಮಧ್ಯಾಹ್ನ ಊಟಕ್ಕೆ ಬರುವ ಪ್ರಾಣಿ. "ಭಾವ, ಸ್ಕೂಟರ್ ತಗೊಂಡು ಹೋಗ್ಲಾ? ಬೇಜಾರಿಲ್ಲ ತಾನೆ?" ಎಂದ. ಕುಕ್ಕರಿಗೆ ಆ ಸ್ಕೂಟರ್ ಎಂದರೆ ಪ್ರಾಣ. ಅದರ ಮೇಲೆ ಧೂಳು ಕೂತರೆ ಧೂಳಿಗೇ ಬೈಯುವ ಮನುಷ್ಯ. ಅವರ ಕಿವಿ ಕೆಂಪಾಯಿತು. ಮೂಗಿನಿಂದ ಬುಸ್ ಎಂದಿತು. ಹೆಂಡತಿ, "ತೊಂಬತ್ತಾರು" ಎಂದು ಮೆಲ್ಲಗೆ ನೆನಪಿಸಿದರು. ಕುಕ್ಕರ್ ಬೀಗದ ಕೈ ಕೊಟ್ಟು, ನೆಟ್ಟಗೆ ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿದರು. ನೀರಿನ ಸದ್ದಿನಲ್ಲಿ ಏನೇನು ಬೈದರೋ, ಬಕೆಟ್ಟಿಗೇ ಗೊತ್ತು.

ಇದೆಲ್ಲ ಅತ್ತ ಯಾರ ಲೆಕ್ಕಕ್ಕೆ ಹೋಗುತ್ತಿತ್ತು? ಪಾಪ, ಕೆಂಪಿಯ ಲೆಕ್ಕಕ್ಕೆ. ಕೃಷಿ ವಿಭಾಗದವರಿಗೆ ದಿಗಿಲಾಯಿತು. ಹಸುವಿನ ನೆಮ್ಮದಿ ಮೂವತ್ತು, ದಿನೇ ದಿನೇ ಇಳಿಯುತ್ತಿದೆ. ಒಂದು ಬೆಳಿಗ್ಗೆ ಕೃಷಿ ಪ್ರೊಫೆಸರು ಬೂಟು ಮೆಟ್ಟಿಕೊಂಡು ಕೊಟ್ಟಿಗೆಗೆ ಬಂದರು, ಜೊತೆಗೆ ಮಾನಸಿಕ ಆರೋಗ್ಯದ ಮೇಡಂ. ಕೆಂಪಿ ಕಣ್ಣು ಮುಚ್ಚಿಕೊಂಡು ಮೆಲುಕು ಹಾಕುತ್ತಿತ್ತು.

"ನೋಡಿ, ಹೊರಗೆ ಏನೂ ತೋರಿಸ್ಕೊಳ್ತಿಲ್ಲ" ಎಂದರು ಮೇಡಂ. "ಎಲ್ಲಾ ಒಳಗೇ ಅದುಮಿಟ್ಟುಕೊಂಡಿದೆ. ಇದು ತುಂಬಾ ಅಪಾಯ. ಇದರ ಬಾಲ್ಯ ಹೇಗಿತ್ತು?"

ಹಾಲಿನವನು ತಲೆ ಕೆರೆದುಕೊಂಡ. "ಕರು ಆಗಿತ್ತು ಮೇಡಂ."

"ಹತ್ತು ಗಂಟೆಗೆ ಶುರುವಾಗುತ್ತೆ ಇದರ ತಳಮಳ, ಐದಕ್ಕೆ ಕಡಿಮೆಯಾಗುತ್ತೆ" ಎಂದರು ಕೃಷಿ ಪ್ರೊಫೆಸರು. "ಭಾನುವಾರ ಬೆಳಿಗ್ಗೆ ಪೂರ್ತಿ ಆರಾಮ. ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಏರುತ್ತೆ. ಯಾಕೆ?"

"ಅದೇನು ಆಫೀಸಿಗೆ ಹೋಗುತ್ತಾ ಸಾರ್?"

ಪ್ರೊಫೆಸರಿಗೆ ನಗು ಬರಲಿಲ್ಲ. ಕೆಂಪಿಗೆ ಬ್ಯಾಟರಿಯ ಫ್ಯಾನ್ ಬಂತು, ಕೊಳಲಿನ ಸಂಗೀತ ಬಂತು, ಎರಡು ಬಗೆಯ ಹುಲ್ಲು ಬಂತು. ಕೆಂಪಿ ಎಲ್ಲವನ್ನೂ ಒಪ್ಪಿಕೊಂಡಿತು. ಅಂಕ ಮಾತ್ರ ಇಪ್ಪತ್ತಕ್ಕೆ ಇಳಿಯಿತು. ಆ ವಾರ ಡಿಪೋದಲ್ಲಿ ಬಸ್ಸುಗಳ ಸಮಯ ಬದಲಾಗಿತ್ತು.

ಆಗ ಕೃಷಿಯವರು ಒಂದು ತೀರ್ಮಾನಕ್ಕೆ ಬಂದರು, ಅದೂ ಬಾಯಲ್ಲಿ ಹೇಳಲು ಕಷ್ಟವಾಗುವಂಥದ್ದು. ಹಸುವಿಗೆ ಬೇರೆ ಯಾವ ತೊಂದರೆಯೂ ಇಲ್ಲದಿದ್ದರೆ ತೊಂದರೆ ಹಾಲಿನವನೇ ಇರಬೇಕು. ಅವನಿಗೇ ಗೊತ್ತಿಲ್ಲದೆ ಅವನು ಹಸುವಿಗೆ ಹಿಂಸೆ ಕೊಡುತ್ತಿದ್ದಾನೆ. ಹಾಗಾಗಿ ಕೆಂಪಿಯನ್ನು ಸಂಸ್ಥೆಯ ದೂರದ ಫಾರಂಗೆ ಸಾಗಿಸಬೇಕು, ಇವನು ಆ ಕಡೆ ತಲೆ ಹಾಕಬಾರದು.

ಲಾರಿ ಬರುವ ದಿನವೂ, ಸಂಸ್ಥೆಯ ದೊಡ್ಡ ಸಭಾಂಗಣದಲ್ಲಿ ಕುಕ್ಕರನ್ನು ಲೋಕಕ್ಕೆ ತೋರಿಸುವ ದಿನವೂ ಒಂದೇ ಆಯಿತು. ಬೆಳಿಗ್ಗೆ ನಾವೆಲ್ಲ ಟ್ಯಾಕ್ಸಿ ಹತ್ತುತ್ತಿದ್ದಾಗ ಹಾಲಿನವನು ಬಂದು ಕುಕ್ಕರ್ ಮುಂದೆ ನಿಂತ. ಅವನ ಕಣ್ಣು ಊದಿಕೊಂಡಿತ್ತು.

"ಅಣ್ಣಾ, ನೀವು ದೊಡ್ಡೋರ ಜೊತೆ ಓಡಾಡೋರು. ಒಂದು ಮಾತು ಹೇಳಿ ಅಣ್ಣಾ. ಕರು ಆಗಿದ್ದಾಗ ನನ್ನ ಕೈಯಿಂದ ಬಾಟ್ಲಿ ಹಾಲು ಕುಡಿದು ಬೆಳೆದದ್ದು ಅದು. ನಾನು ಅದಕ್ಕೆ ಹಿಂಸೆ ಕೊಡ್ತೀನಾ?"

ಕುಕ್ಕರ್ ಕಣ್ಣು ಅರ್ಧ ಮುಚ್ಚಿದರು. "ಎಲ್ಲಾ ನಮ್ಮ ಮನಸ್ಸಲ್ಲೇ ಇದೆಯಪ್ಪಾ" ಎಂದರು. ಟ್ಯಾಕ್ಸಿ ಹೊರಟಿತು. ಆ ಕ್ಷಣದಲ್ಲಿ ನನಗೆ ಅವರ ಮೇಲೆ ಬಂದ ಸಿಟ್ಟು ಇಷ್ಟಷ್ಟಲ್ಲ. ಪಾಪ, ಹಳೆಯ ಕುಕ್ಕರ್ ಆಗಿದ್ದರೆ ಇಷ್ಟು ಹೊತ್ತಿಗೆ ಲಾರಿಯವನ ಕಾಲರ್ ಹಿಡಿದಿರುತ್ತಿದ್ದರು.

ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ನಾಲ್ಕು ವಿಭಾಗದ ನಾಲ್ಕು ಪ್ರೊಫೆಸರುಗಳು, ನಡುವೆ ಮೆತ್ತನೆಯ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ನೀಲಿ ಅಂಗಿಯ ಕುಕ್ಕರ್, ಹಿಂದೆ ದೊಡ್ಡ ಪರದೆ. ಪರದೆಯ ಮೇಲೆ ಅವರ ನೆಮ್ಮದಿಯ ಅಂಕ ಆಗಿಂದಾಗಲೇ ಮೂಡುತ್ತಿತ್ತು: ತೊಂಬತ್ತೈದು. ನಮ್ಮ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದಳು.

"ಇವರನ್ನ ಯಾರು ಬೇಕಾದ್ರೂ ರೇಗಿಸಿ ನೋಡಬಹುದು" ಎಂದು ಮೇಡಂ ಮೈಕಿನಲ್ಲಿ ಸವಾಲು ಹಾಕಿದರು.

ಡಿಪೋ ಮ್ಯಾನೇಜರು ಎದ್ದು, "ನಿಮ್ಮ ರಜೆ ಎಲ್ಲಾ ರದ್ದು" ಎಂದರು. ಕುಕ್ಕರ್ ನಕ್ಕರು. ಕಿವಿ ಮಾತ್ರ ಸ್ವಲ್ಪ ಕೆಂಪಾಯಿತು. ಯಾರೋ, "ನನ್ನ ಛತ್ರಿ ಎಲ್ರೀ? ಕಪ್ಪಗಿತ್ತು" ಎಂದರು. ಮೂಗಿನಿಂದ ಬುಸ್ ಎಂದಿತು. ಆಗ ಹಿಂದಿನ ಸಾಲಿನಲ್ಲಿ ಭಾವಮೈದುನ ಎದ್ದು ನಿಂತ.

"ಭಾವ, ಹೇಳೋಕೆ ಇದೇ ಒಳ್ಳೆ ಸಮಯ ಅನ್ಸುತ್ತೆ. ಸ್ಕೂಟರ್ ಕೆರೆಗೆ ಬಿತ್ತು."

"ಏನಂದೇ?"

"ನಾನು ಈಜಿ ಬಂದೆ. ಅದು ಬರಲಿಲ್ಲ."

ತಿಂಗಳುಗಟ್ಟಲೆ ಬಚ್ಚಲಿನ ನಲ್ಲಿಯಡಿ ಅಡಗಿದ್ದ ಸೀಟಿ ಅವತ್ತು ಹೊಡೆಯಿತು. ಕುಕ್ಕರ್ ಕುರ್ಚಿ ಒದ್ದು ಎದ್ದರು. ಭಾವಮೈದುನನಿಂದ ಶುರುಮಾಡಿ, ಅವನು ತಿಂದ ಒಂದೊಂದು ಭಾನುವಾರದ ಊಟವನ್ನೂ ಎತ್ತಿ ಆಡಿ, ಮ್ಯಾನೇಜರ ಜನ್ಮ ಜಾಲಾಡಿ, ಊರಿನ ಕಪ್ಪು ಛತ್ರಿಗಳನ್ನೆಲ್ಲ ಒಂದು ಸುತ್ತು ಬೈದು, ಮೈಕು ಬೇಡವೆಂಬಂತೆ ಕೂಗಿದರು. ಮುಂದಿನ ಸಾಲಿನ ವಿದ್ವಾಂಸರು ಕಾಲು ಮೇಲೆತ್ತಿಕೊಂಡು ಕೂತರು. ಪರದೆಯ ಮೇಲೆ ಮಾತ್ರ ತೊಂಬತ್ತಾರು. ಅಲ್ಲಾಡಲಿಲ್ಲ.

ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ಅದ್ಭುತ!" ಎಂದರು ಮೇಡಂ. "ಹೊರಗೆ ಇಷ್ಟು ಬೆಂಕಿ, ಒಳಗೆ ಅಲೆಯಿಲ್ಲದ ಕೊಳ!"

"ನನ್ನ ಸೂತ್ರದ ಪ್ರಕಾರ ಹಾಗೇ ಆಗಬೇಕಾಗಿತ್ತು" ಎಂದರು ಗಣಿತದ ಪ್ರೊಫೆಸರು.

ಸೀಟಿ ಮುಗಿದ ಕುಕ್ಕರ್ ಎಂದಿನಂತೆ ಪೂರ್ತಿ ಹಗುರಾದರು. ಕುರ್ಚಿ ಎತ್ತಿ ನಿಲ್ಲಿಸಿ, ಕೂತು, ಒಂದು ಲೋಟ ನೀರು ಕುಡಿದು ಮಗುವಿನ ಹಾಗೆ ನಕ್ಕರು. ಸರಿಯಾಗಿ ಆಗಲೇ ಪರದೆಯ ಅಂಕ ಕುಸಿಯತೊಡಗಿತು. ಎಂಬತ್ತು. ಐವತ್ತು. ಮೂವತ್ತು. ಯಂತ್ರ ಕಿರ್ರೆಂದು ಅರಚಿತು. ಮೇಡಂ ಓಡಿಬಂದು ಕುಕ್ಕರ್ ನಾಡಿ ಹಿಡಿದರು. ನಾಡಿ ಚೆನ್ನಾಗಿಯೇ ಇತ್ತು. ಕಂಪ್ಯೂಟರಿನ ಪ್ರೊಫೆಸರು, "ಒಂದು ಸಲ ಆಫ್ ಮಾಡಿ ಆನ್ ಮಾಡೋಣ" ಎಂದರು; ಯಂತ್ರವನ್ನೋ ಮನುಷ್ಯನನ್ನೋ ಹೇಳಲಿಲ್ಲ. ಅತ್ತ ಕೃಷಿ ಪ್ರೊಫೆಸರು ತಮ್ಮ ಫೋನ್ ನೋಡಿ ಕುಣಿದಾಡಿಬಿಟ್ಟರು.

"ನಾನು ಹೇಳಲಿಲ್ವಾ? ಎರಡು ನಿಮಿಷದ ಹಿಂದೆ ಆ ಹಸು ಐದಕ್ಕೆ ಇಳಿದಿತ್ತು. ಈಗ ಲಾರಿ ಹತ್ತಿಸ್ತಿದ್ದಾರೆ, ಅಂಕ ಎಂಬತ್ತು! ಅವನಿಂದ ದೂರ ಮಾಡಿದ್ದೇ ಮಾಡಿದ್ದು, ಎಷ್ಟು ಖುಷಿಯಾಗಿದೆ ನೋಡಿ!"

ಹುಡುಗಿ ಪರದೆ ನೋಡಿದಳು. ಆ ಫೋನ್ ನೋಡಿದಳು. ಆಮೇಲೆ ಚಿಕ್ಕಪ್ಪನ ಕೈ ನೋಡಿದಳು.

"ಚಿಕ್ಕಪ್ಪ… ಇದು ನೀಲಿ ಯಾಕೆ?"

"ಅಂಗಿಗೆ ಒಪ್ಪುತ್ತೆ ಅಂತ."

"ಹಸಿರು ಎಲ್ಲಿ?"

"ಕೆಂಪಿ ಕೊರಳಲ್ಲಿ. ಹುಲ್ಲಿನ ಬಣ್ಣ ಅಲ್ವಾ…" ಕುಕ್ಕರ್ ಮಾತು ಅಲ್ಲಿಗೇ ನಿಂತಿತು. ಅವರು ಮೆಲ್ಲಗೆ ತಿರುಗಿ ಪರದೆ ನೋಡಿದರು. ಇಪ್ಪತ್ತೆರಡು. ಹದಿನೆಂಟು.

ಮೇಡಂಗೂ ಅರ್ಥವಾಗಿತ್ತು. ಅವರು ಬಗ್ಗಿ, "ಈಗ ಏನೂ ಮಾತಾಡಬೇಡಿ. ದೂರದೂರದಿಂದ ಜನ ಬಂದಿದ್ದಾರೆ. ಯಂತ್ರ ಕೆಟ್ಟಿದೆ ಅಂದುಬಿಡೋಣ. ನೀವು ಶಾಂತಮೂರ್ತಿಯಾಗೇ ಮನೆಗೆ ಹೋಗಿ" ಎಂದು ಪಿಸುಗುಟ್ಟಿದರು. ಮೈಕು ಆಫ್ ಆಗಿರಲಿಲ್ಲವಾದ್ದರಿಂದ ನಮಗೆಲ್ಲ ಕೇಳಿಸಿತು.

ಕುಕ್ಕರ್ ಆ ಮೈಕನ್ನು ಕಿತ್ತುಕೊಂಡರು.

"ಆ ಎದೆ ನನ್ನದಲ್ಲ ಸ್ವಾಮೀ!" ಎಂದರು. "ಇಷ್ಟು ದಿನ ನೀವು ಹೊಗಳಿದ ನೆಮ್ಮದಿ ನಮ್ಮ ಬೀದಿ ಹಸುದು. ಆ ಹಸುದು ಅಂತ ನೀವು ಹೆದರಿದ ಸಂಕಟ ನನ್ನದು. ನಾನು ಬುದ್ಧಿಯಿಲ್ಲದೆ ಡಬ್ಬಿ ಅದಲುಬದಲು ಮಾಡಿದೀನಿ. ಈಗ ಅಲ್ಲಿ ಕಾಣ್ತಿದೆಯಲ್ಲ, ಅದು ಕೆಂಪಿ ಹೆದರ್ಕೊಂಡಿರೋದು. ಲಾರಿ ನಿಲ್ಲಿಸ್ರೀ! ಮೊದಲು ಲಾರಿ ನಿಲ್ಲಿಸಿ!"

ಕೃಷಿ ಪ್ರೊಫೆಸರು ಲಾರಿಯವರಿಗೆ ಫೋನ್ ಒತ್ತಿದರು. ಲಾರಿ ಬೀದಿ ತುದಿಯಲ್ಲೇ ಇತ್ತು. ಹಾಲಿನವನನ್ನು ಇಬ್ಬರು ಹಿಡಿದುಕೊಂಡಿದ್ದರಂತೆ.

"ಅವನನ್ನ ಬಿಡಿ" ಎಂದು ಕುಕ್ಕರ್ ಆ ಫೋನಿಗೇ ಕೂಗಿದರು. "ಅವನನ್ನ ಹಸು ಹತ್ತಿರ ಬಿಡ್ರಯ್ಯಾ!"

ಸಭಾಂಗಣದಲ್ಲಿ ಎಲ್ಲರ ಕಣ್ಣೂ ಪರದೆಯ ಮೇಲೆ. ಹದಿನೆಂಟು ಹಾಗೇ ನಿಂತಿತ್ತು. ಆಮೇಲೆ ಇಪ್ಪತ್ತೊಂದಾಯಿತು. ಮೂವತ್ತಾಯಿತು. ಗಣಿತದ ಪ್ರೊಫೆಸರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಲವತ್ತೈದು. ಅಲ್ಲೆಲ್ಲೋ ಲಾರಿಯೊಳಗೆ ಒಬ್ಬ ಮನುಷ್ಯ ಒಂದು ಹಸುವಿನ ಕೊರಳು ಸವರುತ್ತಿದ್ದದ್ದು ನಮಗೆ ಕಾಣುತ್ತಿರಲಿಲ್ಲ, ಅಂಕೆ ಏರುವುದಷ್ಟೇ ಕಾಣುತ್ತಿತ್ತು. ಎಪ್ಪತ್ತು. ಎಂಬತ್ತೆಂಟು. ತೊಂಬತ್ತಾರಕ್ಕೆ ಬಂದು ನಿಂತಾಗ ನನ್ನ ಕಣ್ಣು ತುಂಬಿತ್ತು. ಪಕ್ಕದಲ್ಲಿದ್ದ ಭಾವಮೈದುನನ ಕಣ್ಣೂ ತುಂಬಿತ್ತು. ಅವನನ್ನು ಮನ್ನಿಸಬಹುದೇನೋ ಎಂದು ಅರೆಗಳಿಗೆ ನನಗೂ ಅನ್ನಿಸಿತು.

ಕೃಷಿ ಪ್ರೊಫೆಸರು ಫೋನಿನಲ್ಲೇ, ಅಷ್ಟು ಜನರ ಎದುರಿಗೇ, ಹಾಲಿನವನ ಕ್ಷಮೆ ಕೇಳಿದರು. ಆ ಕಡೆಯಿಂದ ಬಂದ ಉತ್ತರ ಒಂದೇ. "ಸಾರ್, ಹಾಲು ಕರೆಯೋ ಹೊತ್ತಾಯ್ತು. ಫೋನ್ ಇಡ್ಲಾ?"

ನಮ್ಮ ಹುಡುಗಿ ಆಗಲೇ ಕೆಂಪಿಯ ಹೆಸರಿನಲ್ಲಿದ್ದ ವರದಿಗಳನ್ನೆಲ್ಲ ಚಿಕ್ಕಪ್ಪನ ಹೆಸರಿಗೆ ತಿರುಗಿಸಿ ನೋಡುತ್ತಿದ್ದಳು. "ಮೇಡಂ, ಇಲ್ಲಿ ನೋಡಿ" ಎಂದಳು. "ಶುರುವಿನಲ್ಲಿ ಇವರಿಗೆ ಕೋಪ ಬರ್ತಿತ್ತು, ತಕ್ಷಣ ಇಳೀತಿತ್ತು. ಶಾಂತಮೂರ್ತಿ ಅಂತ ನಾವು ಹೆಸರು ಕೊಟ್ಟ ಮೇಲೆ ಇಳಿಯೋದೇ ನಿಂತುಹೋಗಿದೆ. ನಾವೇ ಇವರನ್ನ ಕೆಡಿಸಿದ್ದೀವಿ." ಮೇಡಂ ಬಹಳ ಹೊತ್ತು ನೋಡಿ, ಮೊದಲ ಸಲ ಮನುಷ್ಯರ ಹಾಗೆ ನಕ್ಕರು. "ಇದನ್ನೇ ಬರೀ" ಎಂದರು. ಅದೇ ಅವಳ ಸಂಶೋಧನೆಯಾಗಿದೆ. ಈಗ ಬರೆಯುತ್ತಿದ್ದಾಳೆ.

ಸಂಜೆ ಮನೆಯಲ್ಲಿ ಹುಡುಗಿ ಡಬ್ಬಿಗಳನ್ನು ಸರಿಪಡಿಸಿ, ಹಸಿರು ಚುಕ್ಕಿಯದನ್ನು ಚಿಕ್ಕಪ್ಪನ ಕೈಗೆ ಕಟ್ಟಿದಳು. ಲ್ಯಾಪ್‌ಟಾಪಿನಲ್ಲಿ ಎಪ್ಪತ್ತೆರಡು ಎಂದು ಬಂತು. ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಅವರ ಹೆಂಡತಿ ಎಲ್ಲವನ್ನೂ ನೋಡುತ್ತಿದ್ದರು.

"ಅಲ್ಲಾ ಕಣೇ" ಎಂದರು, "ಹಾಲಿನವನು ಹತ್ತಿರ ಬಂದಾಗ ಆ ಹಸುದು ತೊಂಬತ್ತಾರಕ್ಕೆ ಏರಿತಂತಲ್ಲ. ಈಗ ನಾನು ಬಂದು ನಿಮ್ಮ ಚಿಕ್ಕಪ್ಪನ ಪಕ್ಕ ಕೂತ್ಕೋತೀನಿ. ಇವರದು ಏರುತ್ತೋ ಇಳಿಯುತ್ತೋ ನೋಡೇಬಿಡೋಣ."

ಅವರು ಒಂದು ಹೆಜ್ಜೆ ಇಡುವಷ್ಟರಲ್ಲಿ ಕುಕ್ಕರ್ ಡಬ್ಬಿ ಬಿಚ್ಚಿ ಹುಡುಗಿಯ ಕೈಗೆ ತುರುಕಿ, ಲ್ಯಾಪ್‌ಟಾಪ್ ಮುಚ್ಚಿಬಿಟ್ಟರು.

"ಸಾಕಮ್ಮಾ" ಎಂದರು. "ವಿಜ್ಞಾನ ಇವತ್ತಿಗೆ ಇಷ್ಟು ಮುಂದುವರಿದದ್ದು ಸಾಕು."